ಕಾಣೆಯಾದವರ ಫೈಲು, ಅನಾಥ ಶವದ ಫೈಲು: ಎರಡನ್ನೂ ಒಂದೇ ಟೇಬಲ್ಲಿಗೆ ತಂದ ನನ್ನ ಅನುಭವ

ತುಂಗಭದ್ರೆಯ ದಡದ ಒಂದು ತಾಲ್ಲೂಕು ಕೋರ್ಟಿನಲ್ಲಿ ನಾನು ವಕೀಲಿಕೆ ಮಾಡುತ್ತೇನೆ. ಜಮೀನು, ಪಾಲು, ಚೆಕ್ ಬೌನ್ಸ್, ಇವೇ ಹೊಟ್ಟೆಪಾಡು. ಇದರ ನಡುವೆ ಕಾಣೆಯಾದವರ ಮನೆಯವರೂ, ಕೊಲೆಗಾರ ಸಿಗದೆ ಮುಚ್ಚಿಹೋದ ಕೇಸುಗಳ ಮನೆಯವರೂ ಬರತೊಡಗಿ ಬಹಳ ವರ್ಷ ಆಯ್ತು. ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸುತ್ತಾರೆ. ಫೀಸು ಅಷ್ಟಕ್ಕಷ್ಟೆ. ಆದರೆ ಈ ಕೆಲಸ ಹೇಗೆ ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಠಾಣೆಗಳಲ್ಲಿ ಎರಡು ಬೇರೆ ಬೇರೆ ದಾಖಲೆಗಳಿವೆ. ಮನೆಯವರು ಬಂದು ದೂರು ಕೊಟ್ಟರೆ ‘ಮನುಷ್ಯ ಕಾಣೆ’, ‘ಹೆಂಗಸು ಕಾಣೆ’, ‘ಹುಡುಗಿ ಕಾಣೆ’ ಅಂತ ಒಂದು ಕೇಸು ಆಗುತ್ತದೆ. ಕೆರೆಯಲ್ಲೋ ಹಳಿಯ ಮೇಲೋ ಗುರುತು ಸಿಗದ ಶವ ಕಂಡರೆ ಯುಡಿಆರ್ ಆಗುತ್ತದೆ, ಅಂದರೆ ಅಸಹಜ ಸಾವಿನ ವರದಿ. ಪೊಲೀಸ್ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಹಳೆಯ ಸಿಆರ್‌ಪಿಸಿ ಕಾಯ್ದೆಯಲ್ಲಿ ಅದು 174ನೇ ಕಲಂ, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 194. ಮೊದಲನೆಯದು ಒಂದು ಠಾಣೆಯಲ್ಲಿ, ಎರಡನೆಯದು ನೂರು ಕಿಲೋಮೀಟರ್ ಆಚೆಯ ಇನ್ನೊಂದು ಠಾಣೆಯಲ್ಲಿ. ಎರಡೂ ಒಬ್ಬನೇ ಮನುಷ್ಯನದ್ದು ಆಗಿರಬಹುದು. ಅದನ್ನು ಇಂತಿಷ್ಟು ದಿನದೊಳಗೆ ತಾಳೆ ಹಾಕಿ ನೋಡಲೇಬೇಕು ಅಂತ ಠಾಣೆಯ ಕೈ ಕಟ್ಟುವ ಪ್ರತ್ಯೇಕ ಕಾಯ್ದೆ ನಮ್ಮ ರಾಜ್ಯದಲ್ಲಿ ಇಲ್ಲ. ನನ್ನ ಕೆಲಸದ ಮುಕ್ಕಾಲು ಪಾಲು ಈ ತಾಳೆ ಹಾಕುವುದೇ.

ತಾಳೆ ಆಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಯನೈಡ್ ಮೋಹನ್ ಕೇಸು ಸಾಕು. ದಕ್ಷಿಣ ಕನ್ನಡದ ಕಡೆಯ ಹೆಣ್ಣುಮಕ್ಕಳು ಮನೆಯಿಂದ ಕಾಣೆಯಾದರು. ಶವಗಳು ಸಿಕ್ಕಿದ್ದು ಮೈಸೂರು, ಮಡಿಕೇರಿ ಅಂತ ದೂರದ ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ. ಕಾಣೆಯಾದದ್ದು ಒಂದು ಕಡೆ, ಯುಡಿಆರ್ ಇನ್ನೊಂದು ಕಡೆ. ಇದು ವರ್ಷಗಟ್ಟಲೆ ನಡೆಯಿತು. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬಳು ಹುಡುಗಿ ಕಾಣೆಯಾಗಿ, ಊರವರು ಬೀದಿಗಿಳಿದು, ಪೊಲೀಸರು ಫೋನ್ ಕರೆಗಳ ಜಾಡು ಹಿಡಿದ ಮೇಲೆ ಆತ ಸಿಕ್ಕಿಬಿದ್ದ. ಆಮೇಲೆ ಹಳೆಯ ಯುಡಿಆರ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಟ್ಟು 20 ಹೆಣ್ಣುಮಕ್ಕಳ ಕೊಲೆ ಕೇಸು ನಡೆಯಿತು. 2025ರಲ್ಲಿ ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿದೆ ಅನ್ನುವ ಆರೋಪ ಎದ್ದು ಎಸ್‌ಐಟಿ, ಅಂದರೆ ವಿಶೇಷ ತನಿಖಾ ತಂಡ, ರಚನೆಯಾದಾಗ ಯುಡಿಆರ್ ಅನ್ನುವ ಮಾತು ಟೀವಿಯಲ್ಲಿ ದಿನಾ ಕೇಳಿತು. ಆ ಕೇಸಿನ ಸತ್ಯಾಸತ್ಯಕ್ಕೆ ನಾನು ಹೋಗುವುದಿಲ್ಲ. ಆದರೆ ಅದಾದ ಮೇಲೆ ಯುಡಿಆರ್ ಅಂದರೆ ಏನು ಅಂತ ಕಕ್ಷಿದಾರರಿಗೆ ಬಿಡಿಸಿ ಹೇಳುವ ಕೆಲಸ ನನಗೆ ಕಡಿಮೆಯಾಗಿದೆ.

ಮನೆಯವರು ಬಂದಾಗ ನಾನು ಮೊದಲು ಕೇಳುವುದು ದೂರಿನ ನಕಲು. ಹತ್ತರಲ್ಲಿ ಎಂಟು ದೂರುಗಳಲ್ಲಿ ಚಹರೆ ಹೀಗಿರುತ್ತದೆ: ‘ಎತ್ತರ 5.5 ಅಡಿ, ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ.’ ಅರ್ಧ ಕರ್ನಾಟಕ ಹೀಗೇ ಇದೆ, ಅಲ್ವಾ? ಶವದ ಚಹರೆಯನ್ನೂ ಇದೇ ಮಾತಲ್ಲಿ ಬರೆದಿರುತ್ತಾರೆ. ಹೀಗಿದ್ದರೆ ತಾಳೆ ಆಗುವುದು ಹೇಗೆ? ಅದಕ್ಕೆ ಪುರವಣಿ ಹೇಳಿಕೆ ಅಂತ ಒಂದು ಅರ್ಜಿ ಬರೆಸಿ ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಮೈಮೇಲಿನ, ಬಟ್ಟೆಯ ನಿಜವಾದ ಗುರುತುಗಳು ಇರಬೇಕು. ಹಚ್ಚೆ, ಉಡಿದಾರ, ಕಟ್ಟಿಸಿದ ಹಲ್ಲು, ಕಾಲಿಗೆ ಹಾಕಿದ ರಾಡು. ರಾಡು, ಪ್ಲೇಟು ಹಾಕಿಸಿದ್ದರೆ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಅದರ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದರಲ್ಲಿ ಲಾಟ್ ನಂಬರ್ ಇರುತ್ತದೆ. ಅದನ್ನು ಜೆರಾಕ್ಸ್ ಮಾಡಿಸಿ ಇಡಿ.

ಒಬ್ಬ ತಾಯಿಗೆ ಇದನ್ನೆಲ್ಲ ಕೇಳಿದಾಗ, “ಏನಿಲ್ಲ ಸರ್, ಎಲ್ಲಾರಂಗೆ ಇದ್ದ” ಅಂದರು.

“ಅಂಗಿ ರೆಡಿಮೇಡ್ ಹಾಕ್ತಿದ್ನಾ ಅಮ್ಮ?”

“ಇಲ್ರೀ, ನಮ್ಮೂರಾಗೆ ಹೊಲಿಸ್ತಿದ್ವಿ. ದೀಪಾವಳಿಗೆ ಎರಡು ಜೊತೆ.”

ಸಾಕಿತ್ತು. ಊರಿನ ಟೈಲರ್ ಹೊಲಿದ ಅಂಗಿಯ ಕಾಲರಿನ ಒಳಗೆ ಸಣ್ಣ ಪಟ್ಟಿ ಇರುತ್ತದೆ, ಅಂಗಡಿಯ ಹೆಸರು, ಊರಿನ ಹೆಸರು. ಟೈಲರ್ ಹತ್ತಿರ ಹೋಗಿ ಅಂಥದೇ ಒಂದು ಪಟ್ಟಿ ಇಸಿದುಕೊಂಡು ಅರ್ಜಿಗೆ ಪಿನ್ ಮಾಡಿದೆವು.

ಇನ್ನು ಹುಡುಕುವುದು ಎಲ್ಲಿ? ನಮ್ಮ ಕಡೆ ಹೊಳೆಯೇ ದಾರಿ ತೋರಿಸುತ್ತದೆ. ಹರಿಹರದ ಹತ್ತಿರ ಈಚೆ ದಡ ದಾವಣಗೆರೆ ಜಿಲ್ಲೆ, ಆಚೆ ದಡ ಹಾವೇರಿ ಜಿಲ್ಲೆ. ಕೆಳಗೆ ಹೋದರೆ ಒಂದು ಕಡೆ ಹೂವಿನಹಡಗಲಿ, ಇನ್ನೊಂದು ಕಡೆ ಮುಂಡರಗಿ. ನೀರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ಠಾಣೆಗೆ ಗೊತ್ತು. ಆದ್ದರಿಂದ ಕಾಣೆಯಾದ ದಿನದಿಂದ ಮುಂದಿನ ಕೆಲವು ತಿಂಗಳ ಅವಧಿಗೆ, ಹೊಳೆಯುದ್ದಕ್ಕೂ ಇರುವ ಜಿಲ್ಲೆಗಳ ಎಸ್‌ಪಿ ಕಚೇರಿಗೆ ಆರ್‌ಟಿಐ ಹಾಕುತ್ತೇನೆ. ಕೇಳುವುದು ಇಷ್ಟೇ: ಈ ಅವಧಿಯ, ಈ ವಯಸ್ಸಿನ, ಗುರುತು ಪತ್ತೆಯಾಗದ ಗಂಡು ಶವಗಳ ಯುಡಿಆರ್ ನಂಬರು, ಠಾಣೆ, ಮೈಮೇಲಿನ ಬಟ್ಟೆಯ ವಿವರ. ‘ತನಿಖೆ ಹಂತದಲ್ಲಿದೆ, ಕೊಡಲಾಗದು’ ಅಂತ ಆರ್‌ಟಿಐ ಕಾಯ್ದೆಯ 8(1)(ಎಚ್) ಕಲಂ ತೋರಿಸಿ ಹಿಂಬರಹ ಕೊಡುವುದುಂಟು. ಇದೇ ವಿವರವನ್ನು ಗುರುತು ಹಿಡಿಯಲು ಪತ್ರಿಕಾ ಪ್ರಕಟಣೆಯಲ್ಲಿ ನೀವೇ ಕೊಟ್ಟಿದ್ದೀರಲ್ಲ ಅಂತ ಮೇಲ್ಮನವಿಯಲ್ಲಿ ಬರೆದರೆ ಸಾಮಾನ್ಯವಾಗಿ ಕೊಡುತ್ತಾರೆ. ರೈಲ್ವೆ ಪೊಲೀಸರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹಳಿಯ ಮೇಲೆ ಸಿಕ್ಕ ಶವ ಊರಿನ ಠಾಣೆಯ ಲೆಕ್ಕಕ್ಕೆ ಬರುವುದಿಲ್ಲ, ಅವರಿಗೆ ಬೇರೆಯೇ ಅರ್ಜಿ ಹಾಕಬೇಕು. ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲೂ ಕಾಣೆಯಾದವರ ಮತ್ತು ಅಪರಿಚಿತ ಶವಗಳ ಮಾಹಿತಿ ಹಾಕುತ್ತಾರೆ. ನೋಡಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಆ ತಾಯಿಯ ಮಗ ಸಿಕ್ಕಿದ್ದು ಹೀಗೇ. ಕೆಳಗಿನ ಒಂದು ಜಿಲ್ಲೆಯ ಠಾಣೆಯಲ್ಲಿ ಮುಳುಗಿ ಸತ್ತ ಅಪರಿಚಿತ ಅಂತ ಯುಡಿಆರ್ ಆಗಿತ್ತು. ಪಂಚಾಯ್ತಿಯವರು ಹೂತಿದ್ದರು. ಠಾಣೆಯ ರೈಟರ್ ಒಳ್ಳೆಯ ಮನುಷ್ಯ, ಫೈಲು ತೆಗೆದು ಫೋಟೋ ತೋರಿಸಿದರು. ಮುಖ ನೋಡುವ ಹಾಗಿರಲಿಲ್ಲ. ಬಟ್ಟೆಯ ಫೋಟೋದಲ್ಲಿ ಕಾಲರಿನ ಪಟ್ಟಿ ಅರ್ಧ ಕಾಣುತ್ತಿತ್ತು, ಊರಿನ ಹೆಸರಿನ ಕೊನೆಯ ಎರಡು ಅಕ್ಷರ. ತಾಯಿ ಆ ಫೋಟೋವನ್ನು ವಾಪಸ್ ಕೊಡಲೇ ಇಲ್ಲ, ರೈಟರೂ ಕೇಳಲಿಲ್ಲ.

ಇಷ್ಟರಿಂದ ಕಾನೂನಿಗೆ ಸಮಾಧಾನ ಆಗುವುದಿಲ್ಲ. ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಟ್ಟು ಹೂತ ಶವ ಹೊರಗೆ ತೆಗೆಸಬೇಕು (ಈಗ 196ನೇ ಕಲಂ, ಹಿಂದೆ 176). ತೊಡೆಯ ಮೂಳೆ, ಹಲ್ಲು, ಜೊತೆಗೆ ತಾಯಿಯ ರಕ್ತದ ಮಾದರಿ ಡಿಎನ್‌ಎ ಪರೀಕ್ಷೆಗೆ ಹೋಗುತ್ತದೆ. ರಿಪೋರ್ಟಿಗೆ ಕಾಯುವುದೇ ಒಂದು ಶಿಕ್ಷೆ. ದೇಶದ ಮಟ್ಟದಲ್ಲಿ ಕಾಣೆಯಾದವರಿಗೆ, ಅಪರಿಚಿತ ಶವಗಳಿಗೆ ಬೇರೆ ಬೇರೆ ಡಿಎನ್‌ಎ ಪಟ್ಟಿ ಇಡುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು, 2023ರಲ್ಲಿ ವಾಪಸ್ ತೆಗೆದುಕೊಂಡರು. ಖಾಸಗಿತನದ ಭಯ ಸುಳ್ಳೇನಲ್ಲ. ಆದರೂ ಬರೀ ಕಾಣೆಯಾದವರ ಮನೆಯವರು ತಾವಾಗಿ ಕೊಡುವ ಮಾದರಿಗಾದರೂ ಒಂದು ಕಾಯ್ದೆ ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕೇಸಿನಲ್ಲಿ ಡಿಎನ್‌ಎ ಹೊಂದಿತು. ತಲೆಬುರುಡೆಯಲ್ಲಿ ಪೆಟ್ಟಿನ ಗುರುತೂ ಸಿಕ್ಕಿ ಯುಡಿಆರ್ ಹೋಗಿ ಕೊಲೆ ಕೇಸಾಯಿತು. ಒಂದಷ್ಟು ಜನರನ್ನು ವಿಚಾರಿಸಿದರು. ಕೊನೆಗೆ ಕೋರ್ಟಿಗೆ ಬಂದದ್ದು ‘ಸಿ’ ರಿಪೋರ್ಟು, ಅಂದರೆ ಆರೋಪಿ ಪತ್ತೆಯಾಗಿಲ್ಲ ಅಂತ. ‘ಬಿ’ ರಿಪೋರ್ಟಿನ ಹಾಗೆ ಘಟನೆಯೇ ಸುಳ್ಳು ಅಂತ ಇದು ಹೇಳುವುದಿಲ್ಲ. ಮನೆಯವರು ಎರಡನ್ನೂ ಒಂದೇ ಅಂದುಕೊಂಡು ಕುಸಿದುಹೋಗುತ್ತಾರೆ.

ಇಲ್ಲಿ ಮೂರು ವಿಷಯ ನೋಡುತ್ತೇನೆ. ರಿಪೋರ್ಟು ಒಪ್ಪಿಕೊಳ್ಳುವ ಮುಂಚೆ ಕೋರ್ಟು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು. ಸುಪ್ರೀಂ ಕೋರ್ಟಿನ 1985ರ ಭಗವಂತ್ ಸಿಂಗ್ ತೀರ್ಪಿನಿಂದ ಇದು ಖಚಿತ. ನೋಟಿಸಿನಲ್ಲಿ ಹೇಳಿದ ದಿನ ಹೋಗದಿದ್ದರೆ ಮುಗಿಯಿತು, ಆದ್ದರಿಂದ ವಿಳಾಸ ಬದಲಾದರೆ ಠಾಣೆಗೆ ಬರೆದು ಕೊಡಿಸುತ್ತೇನೆ. ಎರಡನೆಯದು ತಕರಾರು ಅರ್ಜಿ. ‘ತನಿಖೆ ಸರಿಯಾಗಿಲ್ಲ’ ಅಂತ ಸುಮ್ನೆ ಬರೆದರೆ ಜಡ್ಜ್ ಸಾಹೇಬರು ಏನು ಮಾಡಬೇಕು? ಯಾರ ಹೇಳಿಕೆ ತೆಗೆದಿಲ್ಲ, ಯಾವ ನಂಬರಿನ ಕರೆ ವಿವರ ತರಿಸಿಲ್ಲ, ಯಾವ ವಸ್ತು ಪರೀಕ್ಷೆಗೆ ಹೋಗಿಲ್ಲ ಅಂತ ಹೆಸರಿಸಿ ಬರೆದು, ಹೆಚ್ಚಿನ ತನಿಖೆ ಕೇಳಬೇಕು. ಹಿಂದೆ 173(8), ಈಗ 193(9).

ಮೂರನೆಯದನ್ನು ಬಹಳ ವಕೀಲರೇ ಗಮನಿಸುವುದಿಲ್ಲ. ‘ಸಿ’ ರಿಪೋರ್ಟ್ ಒಪ್ಪಿಕೊಳ್ಳುವ ಆದೇಶದ ಕೊನೆಯ ಸಾಲಿನಲ್ಲಿ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನು, ನಾಶಪಡಿಸಲು ಹೇಳಿರಬಹುದು. ರಕ್ತದ ಅಂಗಿ, ಹಗ್ಗ, ಕಾಡತೂಸು, ಎಲ್ಲಾ ಸುಟ್ಟುಹೋದ ಮೇಲೆ ಹತ್ತು ವರ್ಷಕ್ಕೆ ಆರೋಪಿ ಸಿಕ್ಕರೂ ಏನು ಪ್ರಯೋಜನ? ಕೊಲೆಗೆ ಕಾಲಮಿತಿ ಇಲ್ಲ, ಸಾಕ್ಷ್ಯಕ್ಕೆ ಇದೆ. ಆ ವಸ್ತುಗಳ ಪಟ್ಟಿಯ (ಪ್ರಾಪರ್ಟಿ ಫಾರಂ, ಪಿ.ಎಫ್.) ನಂಬರುಗಳನ್ನು ನಮೂದಿಸಿ, ಇವನ್ನು ನಾಶ ಮಾಡಬಾರದು ಅಂತ ಪ್ರತ್ಯೇಕ ಅರ್ಜಿ ಹಾಕುತ್ತೇನೆ. ಜೊತೆಗೆ ಕಲಬುರ್ಗಿಯವರ ಕೇಸಿನ ಉದಾಹರಣೆ ಕೊಡುತ್ತೇನೆ. ಎಂ.ಎಂ. ಕಲಬುರ್ಗಿ ಧಾರವಾಡದಲ್ಲಿ ಕೊಲೆಯಾದದ್ದು 2015ರ ಆಗಸ್ಟ್ 30ರಂದು. ಎರಡು ವರ್ಷ ಸುಳಿವಿರಲಿಲ್ಲ. 2017ರಲ್ಲಿ ಗೌರಿ ಲಂಕೇಶ್ ಕೊಲೆಯಾದಾಗ ಗುಂಡು, ಕಾಡತೂಸು ಹೋಲಿಸಿ ನೋಡಿದರೆ ಎರಡೂ ಕಡೆ ಒಂದೇ ಪಿಸ್ತೂಲು ಅಂತ ಫೊರೆನ್ಸಿಕ್ ವರದಿ ಬಂತು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಕೇಸಿನ ತನಿಖೆಯನ್ನೂ ಗೌರಿ ಕೇಸಿನ ಎಸ್‌ಐಟಿಗೆ ವಹಿಸಿತು, ಚಾರ್ಜ್‌ಶೀಟ್ ಆಯಿತು. ಧಾರವಾಡದ ಕಾಡತೂಸು ಉಳಿದಿರದಿದ್ದರೆ ಹೋಲಿಸುವುದು ಯಾವುದನ್ನು?

ಹೊರದೇಶದ ಕಾಯ್ದೆ ನೋಡಿ ಹೊಟ್ಟೆಕಿಚ್ಚು ಪಡುವುದು ನನ್ನ ಚಟ. ಅಮೆರಿಕದಲ್ಲಿ 2022ರಲ್ಲಿ ಬಂದ ಒಂದು ಕಾಯ್ದೆಯ ಪ್ರಕಾರ, ಮೂರು ವರ್ಷ ದಾಟಿದರೂ ಬಗೆಹರಿಯದ ಕೊಲೆಯ ಫೈಲನ್ನು ಮತ್ತೆ ನೋಡಿ ಅಂತ ಮನೆಯವರು ಅರ್ಜಿ ಹಾಕಬಹುದು. ಅದು ಕೇಂದ್ರದ ತನಿಖಾ ಸಂಸ್ಥೆಗಳ ಕೇಸುಗಳಿಗೆ ಮಾತ್ರ, ಉಳಿದದ್ದಕ್ಕೆ ಆಯಾ ರಾಜ್ಯವೇ ಕಾಯ್ದೆ ಮಾಡಬೇಕು. ಟೆಕ್ಸಸ್ ರಾಜ್ಯ 2021ರಲ್ಲಿ, ಕಾಣೆಯಾದವರ ವಿವರವನ್ನೂ ಗುರುತಿಲ್ಲದ ಶವದ ವಿವರವನ್ನೂ ದೇಶಕ್ಕೆಲ್ಲ ಒಂದೇ ಆದ ನ್ಯಾಮಸ್ ಅನ್ನುವ ದಾಖಲೆಗೆ ಹಾಕಲೇಬೇಕು ಅಂತ ಕಾಯ್ದೆ ಮಾಡಿತು. ನಮ್ಮಲ್ಲೂ ಪೊಲೀಸ್ ರಾಜ್ಯದ ವಿಷಯ. ವಿಧಾನಸಭೆ ಮನಸ್ಸು ಮಾಡಿದರೆ ಆಗದ್ದೇನಲ್ಲ.

ಈಗಷ್ಟೇ ಯಾರಾದರೂ ಕಾಣೆಯಾಗಿದ್ದರೆ ಕೆಲಸ ಬೇರೆ ಥರ. ಬರೀ ‘ಮನುಷ್ಯ ಕಾಣೆ’ ಕೇಸಿನಲ್ಲಿ ಅಪರಾಧದ ಕಲಂ ಇರುವುದಿಲ್ಲ. ನಿಜವಾಗಿ ಅನುಮಾನ ಇದ್ದರೆ ಯಾರ ಮೇಲೆ, ಯಾಕೆ ಅಂತ ದೂರಿನಲ್ಲೇ ಬರೆಯಿರಿ, ಆಗ ಅಪಹರಣದ ಕಲಂ ಹಾಕಲು ಆಧಾರ ಸಿಗುತ್ತದೆ. ಮಕ್ಕಳ ವಿಷಯದಲ್ಲಿ ಈ ಚೌಕಾಸಿಯೇ ಬೇಡ, ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಸ್ ನಿಲ್ದಾಣದ, ಅಂಗಡಿಗಳ ಸಿಸಿಟೀವಿ ಕೆಲವೇ ವಾರದಲ್ಲಿ ಅಳಿಸಿಹೋಗುತ್ತದೆ, ಅದನ್ನು ತೆಗೆದಿಡಿ ಅಂತ ಮೊದಲ ದಿನವೇ ಬರೆದು ಕೊಡಿ. ಫೋನ್ ಕರೆ ವಿವರ ಕಂಪನಿಗಳ ಹತ್ತಿರ ಎರಡು ವರ್ಷವಾದರೂ ಇರುತ್ತದೆ, ಆದರೆ ಅಲ್ಲಿಯವರೆಗೆ ಯಾಕೆ ಕಾಯಬೇಕು? ಕಲಂ ಹಾಕಿದ ಕೇಸಾದರೆ 90 ದಿನದೊಳಗೆ ತನಿಖೆಯ ಪ್ರಗತಿ ತಿಳಿಸಬೇಕು ಅಂತ ಹೊಸ ಕಾಯ್ದೆಯ 193ನೇ ಕಲಂ ಹೇಳುತ್ತದೆ. 91ನೇ ದಿನ ಒಂದು ರಿಜಿಸ್ಟರ್ಡ್ ಪತ್ರ ಹಾಕಿ.

ಕೊನೆಯದಾಗಿ ದುಡ್ಡಿನ ಮಾತು. ಮನೆಯವರಿಗೆ ಕೇಳಲು ಮುಜುಗರ, ನಾನೇ ಎತ್ತುತ್ತೇನೆ. ಆರೋಪಿ ಸಿಗದೆ, ವಿಚಾರಣೆಯೇ ನಡೆಯದಿದ್ದರೂ ಸತ್ತವರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಬಹುದು. ಹಿಂದೆ 357ಎ(4), ಈಗ 396(4). ‘ಸಿ’ ರಿಪೋರ್ಟಿನ ದೃಢೀಕೃತ ನಕಲೇ ಇಲ್ಲಿ ದೊಡ್ಡ ದಾಖಲೆ. ಆ ತಾಯಿಗೆ ಹೀಗೇ ಪರಿಹಾರ ಮಂಜೂರಾಯಿತು. ಶವವೂ ಸಿಗದವರಿಗೆ ಏಳು ವರ್ಷದ ನಿಯಮ ಇದೆ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಸಿವಿಲ್ ಕೋರ್ಟಿನಲ್ಲಿ ಘೋಷಣೆ ಪಡೆಯಬಹುದು. ಆದರೆ ಸತ್ತದ್ದು ಯಾವ ದಿನ ಅಂತ ಆ ನಿಯಮ ಹೇಳುವುದಿಲ್ಲ. 2004ರ ಎಲ್‌ಐಸಿ ವಿರುದ್ಧ ಅನುರಾಧಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಗಂಡ ಕಾಣೆಯಾದ ದಿನವೇ ಸತ್ತ ಅಂತ ಲೆಕ್ಕ ಹಾಕಿ ಪ್ರೀಮಿಯಂ ನಿಲ್ಲಿಸಿದರೆ ಪಾಲಿಸಿ ಲ್ಯಾಪ್ಸ್ ಆಗುತ್ತದೆ. ಆದ್ದರಿಂದ ಕೋರ್ಟಿನ ಘೋಷಣೆ ಕೈಗೆ ಬರುವವರೆಗೂ ಕಂತು ಕಟ್ಟುತ್ತಿರಿ, ರಸೀದಿಗಳನ್ನು ಠಾಣೆಯ ಹಿಂಬರಹದ ಜೊತೆಗೇ ಒಂದು ಫೈಲಿನಲ್ಲಿ ಹಾಕಿಡಿ.