ಕ್ಯೂಜಿಐಎಸ್‌ನಲ್ಲಿ ದಾರಿ ಸಿಗದಿದ್ದಾಗ

ರಸ್ತೆ ಕಣ್ಣೆದುರಿಗೇ ಇದೆ, ಆದ್ರೂ ನಕ್ಷೆ ಮಾಡೋ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಹತ್ತಿರದ ದಾರಿ ಹುಡುಕೋ ಶಾರ್ಟೆಸ್ಟ್ ಪಾತ್ ಟೂಲ್ ದಾರಿಯೇ ಇಲ್ಲ ಅನ್ನುತ್ತಿತ್ತು. ತುಂಬಾ ಝೂಮ್ ಮಾಡಿದಾಗ ಗೊತ್ತಾಯ್ತು: ಅಡ್ಡರಸ್ತೆಯ ಗೆರೆ ಮುಖ್ಯರಸ್ತೆಗೆ ತಾಗದೆ ಅರ್ಧ ಮೀಟರ್ ಹಿಂದೆಯೇ ನಿಂತಿತ್ತು, ಕೆಲವು ಕಡೆ ತಾಗಿದ್ದರೂ ಮುಖ್ಯರಸ್ತೆಯಲ್ಲಿ ಅಲ್ಲಿ ವರ್ಟೆಕ್ಸೇ (ಗೆರೆಯನ್ನು ರೂಪಿಸೋ ಬಿಂದು) ಇರಲಿಲ್ಲ. ಟೂಲ್‌ಗೆ ಬೇಕಿರೋದು ಎರಡೂ ಗೆರೆಗೆ ಸೇರಿದ ಒಂದೇ ಬಿಂದು.

ರಸ್ತೆಗಳ ಲೇಯರ್ ಇಪಿಎಸ್‌ಜಿ 4326ರಲ್ಲಿತ್ತು, ಅಂದ್ರೆ ಜಾಗಗಳನ್ನು ಅಕ್ಷಾಂಶ-ರೇಖಾಂಶದ ಡಿಗ್ರಿಯಲ್ಲಿ ಹೇಳೋ ಪದ್ಧತಿಯಲ್ಲಿ. ಅದರಲ್ಲಿ ಟಾಲರೆನ್ಸ್ (ಎಷ್ಟು ದೂರದೊಳಗಿದ್ದರೆ ಸೇರಿಸಬೇಕು ಅನ್ನೋ ಮಿತಿ) 1 ಅಂತ ಕೊಟ್ಟರೆ ಅದು ಮೀಟರ್ ಅಲ್ಲ, ಡಿಗ್ರಿ. ಅಂದ್ರೆ ನೂರು ಕಿಲೋಮೀಟರ್‌ಗೂ ಜಾಸ್ತಿ! ನಮ್ಮ ಊರು ಮೈಸೂರು, ಹಾಗಾಗಿ ಆ ಭಾಗಕ್ಕೆ ಹೊಂದೋ, ಮೀಟರ್‌ನಲ್ಲಿ ಅಳೆಯೋ ಇಪಿಎಸ್‌ಜಿ 32643ಕ್ಕೆ ಲೇಯರನ್ನು ಬದಲಾಯಿಸಿ (ರೀಪ್ರೊಜೆಕ್ಟ್ ಮಾಡಿ), ಹತ್ತಿರದ ಗೆರೆಗಳನ್ನು ಒಂದಕ್ಕೊಂದು ತಾಗಿಸೋ ಸ್ನ್ಯಾಪ್ ಜಿಯಾಮೆಟ್ರೀಸ್ ಟೂಲ್‌ಗೆ 1 ಮೀಟರ್ ಕೊಟ್ಟೆ, ಬೇಕಾದಲ್ಲಿ ವರ್ಟೆಕ್ಸ್ ಸೇರಿಸೋ ಆಯ್ಕೆಯನ್ನೇ ಆರಿಸಿದೆ. ದಾರಿ ಬಂತು.

ಸುಮ್ನೆ ಎಲ್ಲ ಗೆರೆಗಳನ್ನೂ ಒಂದನ್ನೊಂದು ದಾಟುವಲ್ಲೆಲ್ಲ ಕತ್ತರಿಸಬೇಡಿ, ಅಲ್ಲೂ ಎರಡಕ್ಕೂ ಒಂದೇ ಬಿಂದು ಆಗಿ, ನಕ್ಷೆಯಲ್ಲಿ ಫ್ಲೈಓವರ್ ಮೇಲಿಂದ ಕಾರು ಸೀದಾ ಕೆಳಗಿನ ರಸ್ತೆಗೆ ಇಳಿದುಬಿಡುತ್ತೆ.