ದಡದಲ್ಲಿ ನಿಂತವರು: 'ಚೋಮನ ದುಡಿ' ಓದಿಸಿದ ನನ್ನ ಅನುಭವ

ದಕ್ಷಿಣ ಕನ್ನಡದ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪಠ್ಯ ಮುಚ್ಚಿಟ್ಟು ಕಾದಂಬರಿ ಓದುವುದು ನಮ್ಮ ರೂಢಿ. ಬೇಸಾಯಕ್ಕೆ ಒಂದು ತುಂಡು ನೆಲ ಬಯಸುವ ಅಸ್ಪೃಶ್ಯ ಆಳು ಚೋಮನ ಕಥೆ, ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಮೊದಲ ಸಲ ಓದಿಸಿದಾಗ ನನ್ನಿಂದ ಒಂದು ತಪ್ಪಾಯಿತು.

"ನೀವು ಚೋಮನ ಜಾಗದಲ್ಲಿದ್ದರೆ?" ಎಂದು ಬರೆಯಲು ಕೊಟ್ಟೆ. ಎಲ್ಲ ಹಾಳೆಗಳಲ್ಲೂ ಒಂದೇ ಮಾತು: ಪಾಪ, ಕಣ್ಣೀರು ಬಂತು. ಮಕ್ಕಳ ಮನಸ್ಸು ಕರಗಿತು ಎಂದು ನಾನೂ ಸಂತೋಷಪಟ್ಟೆ. ಆಮೇಲೆ ಚೋಮನ ಮಾತುಗಳನ್ನು ಗಟ್ಟಿಯಾಗಿ ಓದಲು ಹಿಂದಿನ ಬೆಂಚಿನ ಹುಡುಗನೊಬ್ಬನನ್ನು ಎಬ್ಬಿಸಿದೆ. ಅವನ ಜಾತಿ ನನಗೆ ಗೊತ್ತಿತ್ತು. ಅವನು ಓದಿದರೆ ಮಾತಿಗೆ ಜೀವ ಬರುತ್ತದೆ ಎಂದುಕೊಂಡಿದ್ದೆ. ತಲೆ ತಗ್ಗಿಸಿ ಓದಿ ಮುಗಿಸಿದ. ಎರಡು ದಿನ ಕ್ಲಾಸಿಗೆ ಬರಲಿಲ್ಲ. ಬಂದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನನ್ನ ಹತ್ರಾನೇ ಯಾಕೆ ಓದಿಸಿದ್ರಿ ಅಂತ ಎಲ್ಲರಿಗೂ ಗೊತ್ತಾಯ್ತು" ಎಂದ. ಕ್ಷಮಿಸು ಎಂದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವರ್ಷ ಚೋಮನ ಮಾತುಗಳನ್ನೆಲ್ಲ ನಾನೇ ಓದಿದೆ. ಮಕ್ಕಳನ್ನು ಚೋಮನ ಗುಡಿಸಲಿಗೆ ಕರೆದೊಯ್ಯದೆ ನದಿಯ ದಡಕ್ಕೆ ಕರೆದೊಯ್ದೆ. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ. ಅಸ್ಪೃಶ್ಯರ ಹುಡುಗ ಎಂಬ ಕಾರಣಕ್ಕೆ ಯಾರೂ ಅವನನ್ನು ಮುಟ್ಟಿ ಎತ್ತುವುದಿಲ್ಲ. ಬೋರ್ಡಿನ ಮೇಲೆ ನದಿ ಬರೆದು, "ದಡದಲ್ಲಿ ನಿಂತ ಒಬ್ಬರಾಗಿ ಬರೆಯಿರಿ, ಆ ಮನುಷ್ಯ ರಾಕ್ಷಸನಾಗಿರಬಾರದು" ಎಂದೆ.

ಈ ಸಲ ಪೆನ್ನು ಓಡಲಿಲ್ಲ. ಒಬ್ಬಳು ಬರೆದಳು: "ನನಗೆ ಈಜು ಬರುತ್ತದೆ. ಪಕ್ಕದವರು ಹಾರಲಿಲ್ಲ. ಅವರು ಹಾರಿದರೆ ನಾನೂ ಹಾರುತ್ತಿದ್ದೆ." ಇನ್ನೊಬ್ಬನ ಹಾಳೆಯಲ್ಲಿ ಒಂದೇ ಸಾಲು: "ಮನೆಗೆ ಹೋಗಿ ಅಜ್ಜಿಗೆ ಏನು ಹೇಳಲಿ?" ಪಾಪ ಎಂಬ ಶಬ್ದ ಎಲ್ಲೂ ಇರಲಿಲ್ಲ.

ಆ ಅಜ್ಜಿಯ ಎಳೆ ಹಿಡಿದೇ ಧಣಿ ಸಂಕಪ್ಪಯ್ಯನ ಅಂಗಳಕ್ಕೆ ಹೋದೆವು. ಚೋಮನಿಗೆ ಒಂದು ತುಂಡು ನೆಲ ಕೊಡಲು ಅವನಿಗೆ ಮನಸ್ಸಿದೆ, ತಾಯಿ ಒಪ್ಪುವುದಿಲ್ಲ. "ಧಣಿಗಳು ಒಳ್ಳೆಯವರೇ ಅಲ್ವಾ ಮೇಡಂ?" ಎಂದು ಒಬ್ಬ ಕೇಳಿದ. ಹೌದು, ಒಳ್ಳೆಯವನೇ. ಆದರೂ ಚೋಮನಿಗೆ ನೆಲ ಸಿಗಲಿಲ್ಲ. ಕಾದಂಬರಿಯಲ್ಲಿ ನನ್ನನ್ನು ಹೆಚ್ಚು ಕಾಡುವವನು ಈ ಒಳ್ಳೆಯ ಸಂಕಪ್ಪಯ್ಯ. ತಾಯಿಯ ಮಾತಿನ ಹಿಂದೆ ನಿಂತುಕೊಳ್ಳುವುದು ಎಷ್ಟು ಸುಲಭ ಎಂದು ನನಗೂ ಗೊತ್ತು. ನಮ್ಮ ಮನೆಯ ಹಿತ್ತಲಲ್ಲಿ ಕೆಲಸದವರಿಗೆ ಗೆರಟೆಯಲ್ಲಿ ಚಹಾ ಕೊಡುತ್ತಿದ್ದುದನ್ನು ನಾನು ಸುಮ್ಮನೆ ನೋಡಿದವಳು.

ಮನೆಯಲ್ಲಿ ಹಿರಿಯರ ಹತ್ತಿರ ನೆಲದ ಬಗ್ಗೆ ಕೇಳಿಕೊಂಡು ಬನ್ನಿ ಎಂದೆ. ಇಷ್ಟವಿದ್ದವರು ಮಾತ್ರ, ಹಾಳೆ ಮಡಚಿ ನನಗಷ್ಟೇ ಕೊಡಬೇಕು. ಆ ಹುಡುಗನಿಂದ ಕಲಿತ ಎಚ್ಚರ ಅದು. ಹಲವರು 'ಡಿಕ್ಲರೇಶನ್‌ನಲ್ಲಿ ಸಿಕ್ಕ ಜಾಗ' ಎಂದು ಬರೆದಿದ್ದರು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಅರ್ಜಿ ಹಾಕಿ ಪಡೆದ ನೆಲ. ಒಬ್ಬಳ ಹಾಳೆಯಲ್ಲಿ ಅವಳ ಅಜ್ಜಿಯ ಮಾತಿತ್ತು: "ಗೇಣಿ ಕೊಡುತ್ತಿದ್ದವರಿಗೆ ಜಾಗ ಬಂತು. ನಾವು ಗೇಣಿ ಕೊಡುವವರೂ ಆಗಿರಲಿಲ್ಲ."

ಹೆಸರು ಹೇಳದೆ, ಅವಳ ಒಪ್ಪಿಗೆ ಪಡೆದು, ಆ ಸಾಲನ್ನು ಕ್ಲಾಸಿನಲ್ಲಿ ಓದಿದೆ. ಕಾದಂಬರಿ ಬಂದದ್ದು 1933ರಲ್ಲಿ. ಮುಂದಿನ ಬೆಂಚಿನವನೊಬ್ಬ ಬೆರಳೆಣಿಸಿ, "ನಲವತ್ತೊಂದು ವರ್ಷ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಕಪ್ಪಯ್ಯ ಆವತ್ತು ಹೂಂ ಅಂದು ಗೇಣಿಗೆ ಕೊಟ್ಟಿದ್ದರೆ, ಚೋಮನ ಮೊಮ್ಮಕ್ಕಳೂ ಡಿಕ್ಲರೇಶನ್ ಹಾಕಬಹುದಿತ್ತು ಅಲ್ವಾ ಮೇಡಂ?" ಎಂದು ಕೇಳಿದ.