ಕೆರೆಯ ಪುನಶ್ಚೇತನ ಬೆಟ್ಟದ ಮೇಲಿನಿಂದ ಆರಂಭವಾಗಲಿ

ಮಂಡ್ಯ ಎಂದೊಡನೆ ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳು ನೆನಪಾಗುತ್ತವೆಯಾದರೂ, ನಾಗಮಂಗಲ ತಾಲ್ಲೂಕಿನ ಬಹುಪಾಲು ಹಳ್ಳಿಗಳು ಇಂದಿಗೂ ಮಳೆಯನ್ನೂ ಕೆರೆಕಟ್ಟೆಗಳನ್ನೂ ನಂಬಿವೆ. ಕೆರೆಯನ್ನು ಉಳಿಸಲು ಹೊರಟ ಗ್ರಾಮಸ್ಥರು ಮೊದಲು ಹೂಳೆತ್ತುವ ಯಂತ್ರ ತರಿಸುವುದು ವಾಡಿಕೆ. ಆದರೆ ಮೇಲಿನ ಇಳಿಜಾರಿನಲ್ಲಿ ಮಣ್ಣಿನ ಸವಕಳಿಯನ್ನು ತಡೆಯದೆ ಹೂಳೆತ್ತಿದರೆ ಅದೇ ಮಣ್ಣು ಮತ್ತೆ ಬಂದು ಸೇರುತ್ತದೆ. ಆದ್ದರಿಂದ ಕೆರೆಯಂಗಳ ಕೊನೆಯ ಕೆಲಸವಾಗಬೇಕು.

ಮೊದಲು ಭೂಮಾಪನ ಇಲಾಖೆಯಿಂದ ಗ್ರಾಮನಕ್ಷೆ ಪಡೆದು, ಊರಿನ ಹಿರಿಯರನ್ನೂ ಹಿಂದೆ ನೀರಗಂಟಿ ಕೆಲಸ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ, ಮಾಡುತ್ತಿದ್ದ ಮನೆತನದವರನ್ನೂ ಜೊತೆಗಿರಿಸಿಕೊಂಡು, ಕೆರೆಯಿಂದ ಹಳ್ಳಗಳ ಜಾಡು ಹಿಡಿದು ಬೆಟ್ಟದ ನೆತ್ತಿಯವರೆಗೆ ನಡೆಯಿರಿ. ಕಾಲುವೆ ಎಲ್ಲಿ ಮುಚ್ಚಿದೆ, ಯಾವ ರಸ್ತೆಯ ಮೋರಿ ಕಟ್ಟಿಕೊಂಡಿದೆ, ಎಲ್ಲಿ ಕೊರಕಲು ಬಿದ್ದಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ. ಜೋರು ಮಳೆಯ ಬೆನ್ನಿಗೇ ಇನ್ನೊಮ್ಮೆ ನಡೆದರೆ, ಕೆಂಪು ನೀರು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು; 100 ಎಕರೆಯ ಮೇಲೆ 25 ಮಿಲಿಮೀಟರ್ ಸುರಿದರೆ ಅದು ಸುಮಾರು ಒಂದು ಕೋಟಿ ಲೀಟರ್. ಈ ಲೆಕ್ಕವನ್ನು ಗ್ರಾಮಸಭೆಯಲ್ಲಿ ತಪ್ಪದೆ ಓದಿ ಹೇಳಿ.

ಅಲ್ಲಿಯೇ ನಿರ್ಣಯ ಮಾಡಿಸಿ, ಕಾಮಗಾರಿಯನ್ನು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿ. ಅಚ್ಚುಕಟ್ಟು, ಅಂದರೆ ಕೆರೆಯಿಂದ ನೀರುಣ್ಣುವ ಜಮೀನು, 40 ಹೆಕ್ಟೇರ್ ಮೀರಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿರುವುದರಿಂದ ಅಂಥಲ್ಲಿ ಅದರ ಅನುಮತಿ ಬೇಕು. ಒತ್ತುವರಿಯನ್ನು ಸರ್ಕಾರಿ ಸರ್ವೆಯ ಮೂಲಕವೇ ಬಗೆಹರಿಸಿ. ನೆರೆಹೊರೆಯವರು ತಾವೇ ಬೇಲಿ ಕಿತ್ತರೆ ಕೆಲಸ ನಿಲ್ಲುವುದು ಖಚಿತ.

ನಂತರ ಇಳಿಜಾರಿನ ಕೆಲಸ. ಮಟ್ಟ ನೋಡಲು, ಎರಡು ಸಮಾನ ಉದ್ದದ ಗಳುಗಳನ್ನು ‘A’ ಆಕಾರದಲ್ಲಿ ಮೇಲ್ತುದಿಯಲ್ಲಿ ಕಟ್ಟಿ, ನಡುವೆ ಅಡ್ಡಪಟ್ಟಿ ಬಿಗಿದು, ಮೇಲ್ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ದಾರವು ಪಟ್ಟಿಯ ಮಧ್ಯದ ಗುರುತಿನ ಮೇಲೆ ನಿಂತಾಗ ಎರಡೂ ಕಾಲುಗಳು ಒಂದೇ ಮಟ್ಟದಲ್ಲಿರುತ್ತವೆ. ಹೀಗೆ ಗುರುತಿಸಿದ ಸಮಮಟ್ಟದ ರೇಖೆಯಲ್ಲಿ ಕಂದಕ ತೋಡಿ, ಮಣ್ಣನ್ನು ಇಳಿಜಾರಿನ ಕೆಳಬದಿಗೆ ಬದುವಾಗಿ ಹಾಕಿ, ಅದರ ಮೇಲೆ ಹೊಂಗೆ, ಲಾವಂಚ ನೆಡಿ. ಮಟ್ಟ ತಪ್ಪಿದ ಕಂದಕ ಒಂದೇ ಕಡೆ ತುಂಬಿ ಒಡೆದು ಹೊಸ ಕೊರಕಲನ್ನೇ ಸೃಷ್ಟಿಸುವುದರಿಂದ ಈ ಹಂತದಲ್ಲಿ ಅವಸರ ಸಲ್ಲದು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿ ನೀರು ನಿಲ್ಲಿಸಿದ್ದನ್ನು ನಮ್ಮ ಜಿಲ್ಲೆಯೇ ಕಂಡಿದೆ. ಮೇಲೆ ನಿಂತ ನೀರು ದನಕರುಗಳಿಗೂ ಪಕ್ಷಿಗಳಿಗೂ ಮೊದಲು ಸಿಗುತ್ತದೆ ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ.

ಹಳ್ಳದ ಕೊರಕಲುಗಳಿಗೆ ಒಣಗಲ್ಲಿನ ತಡೆಗಳನ್ನು ಕಟ್ಟುವಾಗ ನಡುಭಾಗ ತಗ್ಗಾಗಿರಲಿ. ಇಲ್ಲವಾದರೆ ನೀರು ದಡವನ್ನು ಕೊರೆಯುತ್ತದೆ. ಕಾಲುವೆ ಕೆರೆ ಸೇರುವ ಮುನ್ನ ಒಂದು ಹೂಳುಗುಂಡಿ ಇರಬೇಕು.

ಕಡೆಯದಾಗಿ, ಬೇಸಿಗೆಯಲ್ಲಿ ಹೂಳೆತ್ತಿ. ಏರಿಯ ಬುಡವನ್ನು ಮುಟ್ಟಬೇಡಿ. ನೀರನ್ನು ಹಿಡಿದಿಡುವ ತಳದ ಜೇಡಿ ಪದರವನ್ನು ಕೆದಕಬೇಡಿ. ಕೋಡಿಯ ಎತ್ತರವನ್ನು ಬದಲಿಸಬೇಡಿ. ಮೇಲ್ಪದರದ ಫಲವತ್ತಾದ ಗೋಡನ್ನು ರೈತರು ಹೊಲಗಳಿಗೆ ಸಾಗಿಸಿಕೊಳ್ಳಲಿ. ಪ್ರತಿ ವರ್ಷ ಮುಂಗಾರಿಗೆ ಮುನ್ನ ಹೂಳುಗುಂಡಿ, ಮೋರಿ, ತೂಬುಗಳನ್ನು ಯಾವ ಬೀದಿಯವರು ಶುಚಿ ಮಾಡಬೇಕೆಂಬುದನ್ನು ಗ್ರಾಮಸಭೆಯ ನಡಾವಳಿಯಲ್ಲೇ ಬರೆಸಿ.